ಉಚ್ಚಿಲದ ಮಳೆಯಲ್ಲಿ ಬರೆದುಕೊಟ್ಟ ಚೀಟಿ

ಕಳೆದ ವರ್ಷ ಜುಲೈ ತಿಂಗಳ ಒಂದು ಸಂಜೆ ನಾನು ಉಡುಪಿಯಿಂದ ಮಂಗಳೂರಿಗೆ ಹಿಂದಿರುಗುತ್ತಿದ್ದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಉಚ್ಚಿಲದ ಹತ್ತಿರ, ಡಿವೈಡರ್ ತೆರೆದಿರುವಲ್ಲಿ ಮೀನಿನ ಟೆಂಪೋ ಒಂದು ಏಕಾಏಕಿ ಅಡ್ಡ ಬಂತು. ಬ್ರೇಕ್ ಹಾಕಿದರೂ ಒದ್ದೆ ರಸ್ತೆಯಲ್ಲಿ ಕಾರು ನಿಲ್ಲಲಿಲ್ಲ. ನನ್ನ ಕಾರಿನ ಮುಂಭಾಗದ ಬಲ ಮೂಲೆ ಟೆಂಪೋದ ಎಡ ಮೂಲೆಗೆ ಹೋಗಿ ಬಡಿಯಿತು. ಯಾರಿಗೂ ಗಾಯವಾಗಲಿಲ್ಲ.

ನಮ್ಮ ಕಡೆ ಗಾಯವಾಗದ ಅಪಘಾತಗಳು ರಸ್ತೆ ಬದಿಯ ಹೋಟೆಲಿನ ಬೆಂಚಿನ ಮೇಲೆ ತೀರ್ಮಾನವಾಗುವುದೇ ಹೆಚ್ಚು. ಅಲ್ಲಿಯೂ ಹಾಗೆಯೇ ಆಯಿತು. ಹಿರಿಯರೊಬ್ಬರು ಮುಂದೆ ಬಂದು, "ಸರ್, ಮಳೆ ಬರ್ತಾ ಉಂಟು, ಕತ್ತಲೆಯೂ ಆಯ್ತು. ಪೊಲೀಸು, ಕೋರ್ಟು ಎಲ್ಲ ಯಾಕೆ? ಒಂದು ಚೀಟಿ ಬರೆದು ಮುಗಿಸುವ" ಎಂದರು. ಯಾರದೋ ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯಲ್ಲಿ, 'ನನ್ನ ಅಜಾಗರೂಕತೆಯಿಂದ ಅಪಘಾತವಾಗಿದ್ದು, ನಮ್ಮೊಳಗೆ ರಾಜಿಯಾಗಿರುತ್ತದೆ' ಎಂದು ಬರೆಯಲಾಯಿತು. ಬೇಗ ಮನೆ ಸೇರಿದರೆ ಸಾಕೆಂದು ನಾನು ಸಹಿ ಹಾಕಿದೆ, ಟೆಂಪೋದ ಲೈಟಿಗೆಂದು 6,000 ರೂಪಾಯಿಯನ್ನೂ ಕೊಟ್ಟೆ. ಇನ್ನೂ ದಡ್ಡತನವೆಂದರೆ, ಎಫ್‌ಐಆರ್ ಇಲ್ಲದ ಕೊರತೆಯನ್ನು ಇದು ತುಂಬೀತೆಂದು ಭಾವಿಸಿ, ಆ ಚೀಟಿಯ ನಕಲನ್ನು ನಾನೇ ಕಾರಿನ ವಿಮೆಯ ಕ್ಲೇಮ್ ಫಾರ್ಮಿನ ಜೊತೆ ಲಗತ್ತಿಸಿದೆ.

ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟ್ 1,38,000 ರೂಪಾಯಿ. ನಷ್ಟ 50,000 ರೂಪಾಯಿ ಮೀರಿದರೆ ಪರವಾನಗಿ ಪಡೆದ ಸರ್ವೇಯರ್ ಬರಲೇಬೇಕು. ಅವರು ಬಂದರು, ಫೋಟೋ ತೆಗೆದರು, ಸವಕಳಿ ಕಳೆದು 1,04,000 ಎಂದು ಅಂದಾಜಿಸಿದರು. ಆರು ವಾರಗಳ ನಂತರ ವಿಮಾ ಕಂಪನಿಯ ತಿರಸ್ಕಾರ ಪತ್ರ ಬಂತು. ಅದರಲ್ಲಿದ್ದ ಕಾರಣಗಳು ಎರಡು: ಅಪಘಾತಕ್ಕೆ ನನ್ನದೇ ಅಜಾಗರೂಕತೆ ಕಾರಣವೆಂದು ನಾನೇ ಒಪ್ಪಿದ್ದೇನೆ, ಕಂಪನಿಯ ಲಿಖಿತ ಅನುಮತಿಯಿಲ್ಲದೆ ತಪ್ಪೊಪ್ಪಿಕೊಂಡು ಪಾಲಿಸಿಯ ಷರತ್ತನ್ನು ಮುರಿದಿದ್ದೇನೆ.

ಮೊದಲನೆಯ ಕಾರಣಕ್ಕೆ ಯಾವ ಆಧಾರವೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮಗ್ರ ಪಾಲಿಸಿಯಲ್ಲಿ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಭಾಗವನ್ನು ಓದಿ ನೋಡಿ: ಬೆಂಕಿ, ಸಿಡಿಲು, ಕಳ್ಳತನ, ನೆರೆ, ಭೂಕುಸಿತ ಇವುಗಳ ಸಾಲಿನಲ್ಲಿಯೇ ಹೊರಗಿನ ಕಾರಣದಿಂದಾಗುವ ಅಪಘಾತವೂ ಇದೆ, ತಪ್ಪು ಯಾರದಾಗಿರಬೇಕು ಎಂಬ ಮಾತು ಅಲ್ಲಿಲ್ಲ. ಕುಡಿದು ಓಡಿಸಿದರೆ, ಲೈಸೆನ್ಸ್ ಇಲ್ಲದಿದ್ದರೆ, ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದರೆ ಪರಿಹಾರವಿಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಕ್ಷಣಕಾಲದ ಎಚ್ಚರ ತಪ್ಪುವಿಕೆಯನ್ನೂ ಅದಕ್ಕೆ ಸೇರಿಸುವುದಾದರೆ, ನಾವು ವರ್ಷ ವರ್ಷ ಪ್ರೀಮಿಯಂ ಕಟ್ಟುವುದು ಯಾವ ಸಂಭವಕ್ಕೆ?

ಎರಡನೆಯ ಕಾರಣವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಆ ಷರತ್ತು ನಿಜವಾಗಿಯೂ ಪಾಲಿಸಿಯಲ್ಲಿದೆ. ನಮಗೆ ಹಣ ಕೊಟ್ಟ ಮೇಲೆ ತಪ್ಪು ಮಾಡಿದವರಿಂದ ಅದನ್ನು ವಸೂಲು ಮಾಡುವ ಹಕ್ಕು ಕಂಪನಿಗಿದೆ. 'ತಪ್ಪು ನನ್ನದು' ಎಂಬ ನನ್ನ ಚೀಟಿಯಿಂದ ಆ ದಾರಿಗೆ ನಾನೇ ಬೇಲಿ ಹಾಕಿದಂತಾಗಿತ್ತು. ಹಾಗಾಗಿ, ಪಾಲಿಸಿಗೆ ಬೇಡವಾಗಿದ್ದ ತಪ್ಪಿನ ಪ್ರಶ್ನೆ ಹಿಂಬಾಗಿಲಿನಿಂದ ಒಳಗೆ ಬಂದಿತ್ತು, ಮತ್ತು ಆ ಚೀಟಿ ಸುಳ್ಳೆಂದು ತೋರಿಸುವ ಹೊಣೆ ನನ್ನ ತಲೆಯ ಮೇಲೆ ಬಿತ್ತು.

ಹತ್ತಿರದಲ್ಲೊಂದು ಪೆಟ್ರೋಲ್ ಬಂಕ್ ಇತ್ತು. ತಿರಸ್ಕಾರ ಪತ್ರ ಬಂದ ಮೇಲೆ ನಾನಲ್ಲಿಗೆ ಹೋದೆ. ಅಷ್ಟರಲ್ಲಿ ಸಿಸಿಟಿವಿ ದೃಶ್ಯದ ಮೇಲೆ ಹೊಸ ದೃಶ್ಯ ಕೂತು ಎಷ್ಟೋ ದಿನಗಳಾಗಿದ್ದವು. ಉಳಿದದ್ದು, 'ಸ್ವಲ್ಪ ತಡವಾಗುತ್ತದೆ' ಎಂದು ಹೆಂಡತಿಗೆ ಕಳುಹಿಸಿದ್ದ ಒಂದು ಫೋಟೋ ಮಾತ್ರ. ಅದನ್ನು ದೊಡ್ಡದು ಮಾಡಿ ನೋಡಿದಾಗ ಟೆಂಪೋದ ಹಿಂಚಕ್ರ ಇನ್ನೂ ಡಿವೈಡರಿನ ತೆರೆದ ಜಾಗದಲ್ಲಿದ್ದದ್ದೂ, ಮುಂಚಕ್ರ ನನ್ನ ಲೇನಿನ ಬಿಳಿ ಗೆರೆ ದಾಟಿ ನಿಂತದ್ದೂ, ಒಡೆದ ಇಂಡಿಕೇಟರಿನ ಕಿತ್ತಳೆ ಚೂರುಗಳು ಗೆರೆಯ ನನ್ನ ಬದಿಯಲ್ಲೇ ಬಿದ್ದದ್ದೂ ಸ್ಪಷ್ಟವಾಗಿ ಕಾಣುತ್ತಿತ್ತು.

ಈ ಫೋಟೋ ಸಹಿತ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಒಂದು ತಿಂಗಳು ಉತ್ತರವಿಲ್ಲ. ಆಮೇಲೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಟ್ಟೆ. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆದರೆ ತಿರಸ್ಕಾರವಾದ ಒಂದು ವರ್ಷದೊಳಗೆ ಕೊಡಬೇಕು. ಜಿಲ್ಲಾ ಗ್ರಾಹಕರ ಆಯೋಗಕ್ಕಾದರೆ ಎರಡು ವರ್ಷಗಳ ಅವಕಾಶವಿದೆ; ಆದರೆ ಅದೇ ವಿಷಯ ಆಯೋಗದ ಮುಂದಿದ್ದರೆ ಒಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಪಾಲಿಸಿಯ ಷರತ್ತು ಮುರಿದಿದ್ದರೂ ಕ್ಲೇಮನ್ನು ಪೂರ್ತಿ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಅಮಲೇಂದು ಸಾಹೂ ಪ್ರಕರಣದಲ್ಲಿ ಹೇಳಿತ್ತು; ಅಂಥ ಕ್ಲೇಮಿಗೆ ಶೇಕಡಾ 75ರವರೆಗೆ ಕೊಡಬಹುದೆಂಬ ಮಾರ್ಗಸೂಚಿಯನ್ನೂ ಅದರಲ್ಲಿ ಉಲ್ಲೇಖಿಸಿತ್ತು. ಅದು ಬಾಡಿಗೆಗೆ ಓಡಿಸಿದ ಕಾರಿನ ಪ್ರಕರಣ; ನನ್ನದಕ್ಕಿಂತ ದೊಡ್ಡ ಉಲ್ಲಂಘನೆಗೇ ಪರಿಹಾರ ಸಿಕ್ಕಿದೆಯಲ್ಲ, ನನಗೆ ಮುಕ್ಕಾಲು ಪಾಲಾದರೂ ಸಿಗಬೇಕು ಎಂಬುದು ನನ್ನ ವಾದವಾಗಿತ್ತು.

ಕೊನೆಗೆ ಕಂಪನಿ ಅದೇ ಲೆಕ್ಕಕ್ಕೆ, 78,000 ರೂಪಾಯಿಗೆ, ರಾಜಿಗೆ ಬಂತು. ಮತ್ತೊಂದು ರಾಜಿ ಪತ್ರ ಮುಂದೆ ಬಂದಾಗ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. 'ಅಜಾಗರೂಕತೆ' ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಟೆಂಪೋದವರಿಗೆ ಕೊಟ್ಟ 6,000 ರೂಪಾಯಿ ಮಾತ್ರ ಯಾವ ಲೆಕ್ಕಕ್ಕೂ ಸೇರಲಿಲ್ಲ.