ತಂತಿ ಹೋಯಿತು, ಬೆಳಕು ಬರಲಿಲ್ಲ

'ನೂರು ವರ್ಷದ ಹಿಂದೆಯೇ ವಿದ್ಯುತ್ತು ಮನೆಮನೆಯ ಬದುಕನ್ನು ಬದಲಿಸಿತ್ತು' ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಯಾರ ಮನೆಯ ಬದುಕನ್ನು, ಸರ್? 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಕರೆಂಟು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಹಳ್ಳಿಗಳಿಗೆ ಸೀಮೆಎಣ್ಣೆ ಬುಡ್ಡಿಯೇ ಗತಿ. ನಮ್ಮೂರು ಅದೇ ಶಿವನಸಮುದ್ರದ ಹತ್ತಿರದ ಮಳವಳ್ಳಿ ಕಡೆ. ನಾನು ಚಿಕ್ಕವನಿದ್ದಾಗಲೂ ಅಜ್ಜಿ ದಿನಾ ಸಂಜೆ ಲಾಟೀನಿನ ಗಾಜಿಗೆ ಬೂದಿ ಹಾಕಿ, ಹಳೇ ಸೀರೆ ಚೂರಿನಿಂದ ಒರೆಸಿ, ಬತ್ತಿಯ ಕರಕಲು ತುದಿ ಕತ್ತರಿಸಿ ಹೊತ್ತಿಸುತ್ತಿದ್ದರು.

ನೀವು ಉದಾಹರಣೆ ಕೊಟ್ಟ ಅಮೆರಿಕದಲ್ಲೇ 1930ರ ಹೊತ್ತಿಗೆ ನಗರದ ಹೆಚ್ಚಿನ ಮನೆಗಳಲ್ಲಿ ಕರೆಂಟಿತ್ತು, ರೈತರ ಮನೆಗಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಮಾತ್ರ. ದೂರದೂರದ ಮನೆಗಳಿಗೆ ಕಂಬ ನೆಟ್ಟರೆ ಲಾಭವಿಲ್ಲ ಎಂದು ಕಂಪನಿಗಳು ಕೈಬಿಟ್ಟಿದ್ದವು. 1935ರ ನಂತರ ಸರ್ಕಾರ ಸಾಲ ಕೊಡಲು ಮುಂದಾದ ಮೇಲೆ ರೈತರೇ ಸಹಕಾರ ಸಂಘ ಕಟ್ಟಿಕೊಂಡು ತಂತಿ ಎಳೆಸಿಕೊಂಡರು. ವಾಷಿಂಗ್ ಮೆಷಿನ್ನಿನ ಹಳೇ ಜಾಹೀರಾತು ಹಾಕಿದ್ದೀರಿ, ಚೆನ್ನಾಗಿದೆ. ಅದೇ ಕಾಲದಲ್ಲಿ ಬಾವಿಯಿಂದ ನೀರು ಸೇದಿ, ಒಲೆ ಮೇಲೆ ಬಟ್ಟೆ ಕುದಿಸುತ್ತಿದ್ದ ರೈತ ಹೆಂಗಸಿನ ಚಿತ್ರವೂ ಪಕ್ಕದಲ್ಲಿ ಇರಬೇಕಿತ್ತು.