ಅರಣ್ಯಶಾಸ್ತ್ರ ಬರೀ ಆರ್‌ಎಫ್‌ಒ ಕೆಲಸಕ್ಕಲ್ಲ

ಅರಣ್ಯಶಾಸ್ತ್ರ ಓದಿ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆಗದಿದ್ದರೆ ನಾಲ್ಕು ವರ್ಷ ದಂಡ ಅಂತ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ನನಗೆ ಒಪ್ಪಿಗೆಯಿಲ್ಲ ಸರ್. ನಾನು ಶಿರಸಿಯ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಓದಿದವಳು.

ಮರದ ಸುತ್ತಳತೆ ತೆಗೆಯುವುದನ್ನೇ ನೋಡಿ. ಸುಮ್ನೆ ಟೇಪ್ ಸುತ್ತಿದರೆ ಆಗಲ್ಲ. ನೆಲದಿಂದ 1.37 ಮೀಟರ್ ಎತ್ತರದಲ್ಲೇ ಅಳೆಯಬೇಕು. ಇಳಿಜಾರಿದ್ದರೆ ಮೇಲಿನ ಬದಿಯಿಂದ ಎತ್ತರ ಲೆಕ್ಕ ಹಾಕಬೇಕು. ಬುಡದಲ್ಲಿ ಹಲಗೆಬೇರು ಚಾಚಿದ್ದರೆ ಅದನ್ನು ದಾಟಿ ಮೇಲೆ ಅಳೆಯಬೇಕು. ಎಲ್ಲರೂ ಒಂದೇ ರೀತಿ ಅಳೆದರೆ ಮಾತ್ರ ಹತ್ತು ವರ್ಷ ಬಿಟ್ಟು ಕಾಡು ಬೆಳೆದಿದೆಯೋ ಸೊರಗಿದೆಯೋ ಗೊತ್ತಾಗುತ್ತದೆ.

ಇನ್ನು ನಮ್ಮ ಕಡೆಯ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದಲೂ ಇದೆ. ಜಾಗ ಸರ್ಕಾರದ್ದು, ಸೊಪ್ಪು ತರುವ ಅವಕಾಶ ತೋಟದವರದು. ಒಬ್ಬರ ಬೆಟ್ಟ ದಟ್ಟವಾಗಿರುತ್ತದೆ, ಪಕ್ಕದವರದು ಬೋಳು. ಯಾಕೆ? ಎಳೆ ಸಸಿ ಏಳಲು ಬಿಟ್ಟಿದ್ದಾರಾ, ದರಕು (ಉದುರಿದ ಒಣ ಎಲೆ) ಪೂರ್ತಿ ಗುಡಿಸಿ ಒಯ್ದಿದ್ದಾರಾ, ದನ ಎಷ್ಟು ಮೇಯುತ್ತವೆ ಅಂತ ಬೆಟ್ಟದಲ್ಲೇ ನಿಂತು ನೋಡಬೇಕು. ಮಣ್ಣು, ನೀರು, ಮರ, ಜನ ಎಲ್ಲ ಒಟ್ಟಿಗೇ ಅರ್ಥವಾಗುವ ಓದು ಇದು. ಮರ ಕಡಿಯದಂತೆ ಜನ ಮರವನ್ನೇ ಅಪ್ಪಿಕೊಂಡ ಅಪ್ಪಿಕೋ ಚಳವಳಿ 1983ರಲ್ಲಿ ಶುರುವಾಗಿದ್ದೂ ಶಿರಸಿ ಪಕ್ಕದ ಸಾಲ್ಕಣಿಯಲ್ಲೇ ಅಲ್ವಾ?

ಸರ್ಕಾರಿ ಹುದ್ದೆ ಕಡಿಮೆ ಅನ್ನುವುದು ನಿಜ. ಹಾಗಂತ ಆಸಕ್ತಿ ಇರುವ ಮಕ್ಕಳನ್ನು ಹೆದರಿಸಬೇಡಿ. ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೂ ಇದೇ ಪದವಿ ಇದೆ, ಸೀಟು ಸಿಇಟಿ ಮೂಲಕ. ಇದನ್ನೂ ಲೇಖನದಲ್ಲಿ ಸೇರಿಸಿದರೆ ತುಂಬಾ ಜನಕ್ಕೆ ಉಪಯೋಗವಾಗುತ್ತದೆ.