ಜರ್ಮನಿಯಿಂದ 12,000 ಸೈನಿಕರು: ಅದು ಯೋಜನೆ ಮಾತ್ರ, ಜಾರಿಯಾಗಲಿಲ್ಲ

"2020ರಲ್ಲೇ ಅಮೆರಿಕ ಜರ್ಮನಿಯಿಂದ 12,000 ಸೈನಿಕರನ್ನು ವಾಪಸ್ ಕರೆಸಿಕೊಂಡಿತು" ಎಂಬ ಸಂದೇಶ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಮುಂದಕ್ಕೆ ಕಳಿಸಿದ್ದೆ. ತಪ್ಪಾಯಿತು.

ನಡೆದದ್ದು ಇಷ್ಟು. 2020ರ ಜುಲೈ 29ರಂದು ಆಗಿನ ರಕ್ಷಣಾ ಕಾರ್ಯದರ್ಶಿ ಮಾರ್ಕ್ ಎಸ್ಪರ್ ಪ್ರಕಟಿಸಿದ್ದು ಒಂದು ಯೋಜನೆ: ಜರ್ಮನಿಯಲ್ಲಿದ್ದ ಸುಮಾರು 36,000 ಮಂದಿಯನ್ನು 24,000ಕ್ಕೆ ಇಳಿಸುವುದು. ಅದರಲ್ಲೂ ಸ್ವದೇಶಕ್ಕೆ ಮರಳಬೇಕಿದ್ದವರು ಸುಮಾರು 6,400 ಮಂದಿ. ಮಿಕ್ಕವರು ಯುರೋಪಿನ ಇತರ ನ್ಯಾಟೋ ದೇಶಗಳಿಗೆ. ಅಂದರೆ ಯೋಜನೆಯಲ್ಲೂ ಹನ್ನೆರಡು ಸಾವಿರ ಮಂದಿ "ವಾಪಸ್" ಇರಲಿಲ್ಲ.

ಅದೂ ಆಗಲಿಲ್ಲ. 2021ರ ಜನವರಿ 1ರಂದು, ಆಗಿನ ಅಧ್ಯಕ್ಷ ಟ್ರಂಪ್ ವಿಟೋ ಹಾಕಿ ತಡೆದಿದ್ದರೂ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಮೊದಲು ವರದಿ ಕೊಡಬೇಕು, ಆಮೇಲೆ 120 ದಿನ ಕಾಯಬೇಕು, ಅಲ್ಲಿಯವರೆಗೆ ಸಂಖ್ಯೆ 34,500ಕ್ಕಿಂತ ಕೆಳಗಿಳಿಯಬಾರದು ಎಂಬ ಷರತ್ತು ಅದರಲ್ಲಿತ್ತು. ಫೆಬ್ರವರಿ 4ರಂದು ಹೊಸ ಅಧ್ಯಕ್ಷ ಬೈಡನ್ ಯೋಜನೆಯನ್ನೇ ತಡೆಹಿಡಿದರು. ಏಪ್ರಿಲ್‌ನಲ್ಲಿ ಹೊಸದಾಗಿ 500 ಮಂದಿಯನ್ನು ಜರ್ಮನಿಯ ವೀಸ್‌ಬಾಡೆನ್‌ ನಗರಕ್ಕೆ ಕಳಿಸುವ ಘೋಷಣೆ ಬಂತು. ಲೆಕ್ಕ ತಿರುಗುಮುರುಗು!

ಜರ್ಮನಿಯ ಫಿಲ್ಸೆಕ್ ಪಟ್ಟಣದಲ್ಲಿರುವ ಅಮೆರಿಕ ಸೇನೆಯ ಎರಡನೇ ಕ್ಯಾವಲ್ರಿ ರೆಜಿಮೆಂಟನ್ನೇ ನೋಡಿ. ಯೋಜನೆಯ ಪ್ರಕಾರ ಅದು ಅಮೆರಿಕಕ್ಕೆ ಮರಳಬೇಕಿತ್ತು. ಆದರೆ 2022ರ ಫೆಬ್ರವರಿಯಲ್ಲಿ ಅದೇ ಫಿಲ್ಸೆಕ್‌ನಿಂದ ಸುಮಾರು 1,000 ಸೈನಿಕರ ಸ್ಟ್ರೈಕರ್ (ಕವಚ ವಾಹನ) ತುಕಡಿ ರೊಮೇನಿಯಾಕ್ಕೆ ಹೊರಟಿತು. ಅಂದರೆ ರೆಜಿಮೆಂಟ್ ಆಗಲೂ ಜರ್ಮನಿಯಲ್ಲೇ ಇತ್ತು.

ಬೇರೆ ವರ್ಷಗಳ ಕಡಿತದ ಮಾತು ಬೇರೆ. ಇಲ್ಲಿ ಹೇಳಿದ್ದು 2020ರ ಘೋಷಣೆಯ ಬಗ್ಗೆ ಮಾತ್ರ. ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.